ಮೊದಲು ಆರಿಸಿ ಕೊನೆಗೆ ಬಂದ ಅರಸ

"ಕೇಳಿರಪ್ಪೋ ಕೇಳಿ! ಹರಳಾಪುರದ ಮಲ್ಲರಸರ ಅಪ್ಪಣೆ! ಮೂರು ಒಗಟು ಬಿಡಿಸಿದವನೇ ಈ ಸಲ ಬುಟ್ಟಿಯಾಟಕ್ಕೆ ಹುಡುಗನನ್ನು ಆರಿಸುವವನು. ಕೇಳಿದ್ದು ಕೊಡಲಾಗುವುದು. ತಪ್ಪು ಹೇಳಿದವನ ತಲೆ ಅರಮನೆಗೆ ಸೇರತಕ್ಕದ್ದು!"

ಬುಟ್ಟಿಯಾಟ ಎಂದರೆ ಎತ್ತರದ ಕಂಬಕ್ಕೆ ತಳವಿಲ್ಲದ ಬೆತ್ತದ ಬುಟ್ಟಿ ಕಟ್ಟಿ, ಅದರೊಳಗೆ ಚೆಂಡು ಹಾಯಿಸುವ ಆಟ. ಹರಳಾಪುರವೂ ಸೇರಿ ಆ ಸೀಮೆಯ ಐದು ರಾಜ್ಯಗಳಿಗೂ ಅದರ ಹುಚ್ಚು. ವರ್ಷಕ್ಕೊಮ್ಮೆ ಹೊಸ ಹುಡುಗರನ್ನು ಬಯಲಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹಿಂದಿನ ವರ್ಷ ಕೊನೆಗೆ ಬಂದ ಅರಸನಿಗೆ ಮೊದಲು ಆರಿಸುವ ಹಕ್ಕು. ಪಾಪ, ಚೇತರಿಸಿಕೊಳ್ಳಲಿ ಅಂತ. ಮಲ್ಲರಸ ಒಂಬತ್ತು ವರ್ಷದಿಂದ ಮೊದಲು ಆರಿಸುತ್ತಿದ್ದ, ಒಂಬತ್ತು ವರ್ಷದಿಂದಲೂ ಕೊನೆಗೇ ಬರುತ್ತಿದ್ದ.

ಸಭೆಯ ನಡುವೆ ಒಂದು ಮಣೆ. ಅದರ ಮೇಲೆ ಕೂತವನು ಪಂಥಕ್ಕೆ ಒಪ್ಪಿದ ಹಾಗೆ ಲೆಕ್ಕ.

ಮೊದಲು ಕೂತವರು ಒಬ್ಬ ಶಾಸ್ತ್ರಿಗಳು. ಅರಸ ಕೇಳಿದ: "ಅದರ ರುಚಿಯನ್ನು ಯಾರೂ ನೋಡಿಲ್ಲ, ಆದರೂ ಸಿಹಿ ಎಂದು ಎಲ್ಲರೂ ಆಣೆ ಇಡುತ್ತಾರೆ. ಮನೆಗೆ ಬಂದ ಕ್ಷಣವೇ ಅದು ಅದಾಗಿ ಉಳಿಯುವುದಿಲ್ಲ. ಏನದು?"

"ಸ್ವರ್ಗ, ಪ್ರಭೂ!"

"ಸ್ವರ್ಗ ನಿಮ್ಮ ಮನೆಗೆ ಬರುತ್ತದೇನ್ರೀ? ನೀವೇ ಹೋಗಬೇಕು. ಹೊರಡಿ."

ಎರಡನೆಯವನು ಕುದುರೆ ವ್ಯಾಪಾರಿ. "ಹೆಣ್ಣು ಕೇಳಲು ಬಂದಾಗ ಹೇಳಿದ ಅಳಿಯನ ಗುಣ," ಎಂದ. ಅರಸನಿಗೂ ನಗು ಬಂತು. "ಚೆನ್ನಾಗಿದೆ ಕಣಯ್ಯ. ಆದರೆ ತಪ್ಪು," ಎಂದು ಕಣ್ಣೊರೆಸಿಕೊಂಡ. ಇಬ್ಬರ ತಲೆಯೂ ಹೋಯಿತು. ಹೋಗಲಿಲ್ಲ, ಆಮೇಲೆ ಪಕ್ಕದೂರಲ್ಲಿ ವೀಳ್ಯದೆಲೆ ಮಾರಿಕೊಂಡಿದ್ದರು ಎನ್ನುವವರೂ ಇದ್ದಾರೆ. ನಿಮಗೆ ಯಾವುದರಿಂದ ಚೆನ್ನಾಗಿ ನಿದ್ದೆ ಬರುತ್ತದೋ ಅದನ್ನೇ ನಂಬಿ.

ಆಗ ಚೆನ್ನಿಗ ಒಳಗೆ ಬಂದ. ಆಟಗಾರರ ಮೊಣಕಾಲಿಗೆ ಎಣ್ಣೆ ತಿಕ್ಕುವುದು ಅವನ ಕಸುಬು. ಬೆಳಗಿನಿಂದ ನಲವತ್ತೊಂದು ಮೊಣಕಾಲು ತಿಕ್ಕಿದ್ದ. ಒಬ್ಬ ಎರಡನೆಯದನ್ನು ಕೊಡದೆ ಎದ್ದು ಹೋಗಿದ್ದ. ಬಂದದ್ದು ಉಗ್ರಾಣದಿಂದ ಎಣ್ಣೆ ಕೇಳಲಿಕ್ಕೆ. ಬೆನ್ನು ಬಿಲ್ಲಾಗಿತ್ತು. ಎದುರಿಗೆ ಖಾಲಿ ಮಣೆ ಕಂಡಿತು. ಉಸ್ಸೆಂದು ಕೂತುಬಿಟ್ಟ.

"ಏಳೋ ಮಾರಾಯ!" ಎಂದು ಮಂತ್ರಿ ದೇಚಯ್ಯ ಕೂಗುವಷ್ಟರಲ್ಲಿ ತಡವಾಗಿತ್ತು. ವಿಷಯ ತಿಳಿದ ಮೇಲೆ ಚೆನ್ನಿಗ ಕತ್ತು ಸವರಿಕೊಂಡ. ಓಡೋಣವೆಂದರೆ ಕಾಲಲ್ಲಿ ಕಸುವಿಲ್ಲ.

ಅರಸ ಅದೇ ಒಗಟನ್ನು ಆಕಳಿಸುತ್ತ ಮತ್ತೆ ಹೇಳಿದ.

"ನಾಳೆ, ಬುದ್ಧಿ," ಎಂದ ಚೆನ್ನಿಗ. "ನನ್ನ ಕೈಕೆಳಗೆ ಮಲಗಿದವರದೆಲ್ಲ ಅದೇ ಜಪ. ನಾಳೆ ಹಾರ್ತೀನಿ, ನಾಳೆ ಗೆಲ್ತೀನಿ ಅಂತ. ಅದು ಮನೆಗೆ ಬಂದರೆ ಇವತ್ತಾಗಿರುತ್ತೆ. ಇವತ್ತಿಗೆ ಎಣ್ಣೆ ತಿಕ್ಕಬೇಕು."

ಅರಸ ಸ್ವಲ್ಪ ನೆಟ್ಟಗೆ ಕೂತ. "ದಿನಕ್ಕೆ ಸಾವಿರ ಸಲ ಬಾಗುತ್ತದೆ, ಆದರೆ ಆಳಲ್ಲ. ಒಡೆಯನನ್ನು ಆಕಾಶಕ್ಕೆ ಎತ್ತುತ್ತದೆ, ಹೊಗಳಿಕೆಯೆಲ್ಲ ಕೈಗೆ ಹೋಗುತ್ತದೆ. ಅದು ಮುನಿದ ದಿನ ವೀರನೂ ಕೂತೇ ಇರಬೇಕು. ಏನದು?"

"ಅಯ್ಯೋ, ಅದರ ಹೆಸರು ಎತ್ತಬೇಡಿ ಬುದ್ಧಿ. ಮೊಣಕಾಲು."

ಸಭೆ ಗುಜುಗುಜು ಎಂದಿತು. ಅರಸ ಸಿಂಹಾಸನದಿಂದಿಳಿದು ಚೆನ್ನಿಗನ ಎದುರು ನಿಂತ. "ಮೂರನೆಯದರ ಉತ್ತರ ನನಗೂ ತಿಳಿಯದು. ನಿಜವೆನಿಸಿದರೆ ಬದುಕುತ್ತೀಯ. ಮೊದಲ ಕೈ ನನ್ನದು, ಕೊನೆಯ ಸ್ಥಾನವೂ ನನ್ನದೇ. ಈಚೆಗೆ ನಾವು ಆರಿಸಿದ ಹುಡುಗರು ಬೀಳಲಿಲ್ಲ, ಕಾಯಿಲೆ ಬೀಳಲಿಲ್ಲ, ಯಾರೂ ಬೆರಳು ತೋರಿಸುವಂತಿಲ್ಲ. ಮತ್ತೇಕೆ ಸೋಲುತ್ತೇನೆ?"

ಚೆನ್ನಿಗ ಗೋಡೆಯತ್ತ ನೋಡಿದ. ವರ್ಷಕ್ಕೊಬ್ಬರಂತೆ ಅರಸನ ಪರವಾಗಿ ಹುಡುಗನನ್ನು ಆರಿಸಿಕೊಟ್ಟಿದ್ದ ಎಂಟು ಮಂದಿ ಅಲ್ಲಿ ಎಲೆಯಡಿಕೆ ಮೆಲ್ಲುತ್ತ ಸುಖವಾಗಿ ಕೂತಿದ್ದರು.

"ಒಂಬತ್ತನೆಯವರು ಎಲ್ಲಿ, ಬುದ್ಧಿ?"

"ಮೊದಲನೇ ವರ್ಷದವನು. ತಾಳೆಮರದಂಥ ಹುಡುಗನನ್ನು ತಂದ. ಮೊದಲ ಆಟದಲ್ಲೇ ಹುಡುಗನ ಕಾಲು ಹೋಯಿತು. ತಂದವನ ತಲೆ ತೆಗೆಸಿದೆ."

"ಅವತ್ತಿನಿಂದ ಇವರು ಬುಟ್ಟಿ ನೋಡಿ ಆರಿಸಿಲ್ಲ. ತಮ್ಮ ಕತ್ತು ನೋಡಿ ಆರಿಸಿದ್ದಾರೆ. ಹತ್ತರಲ್ಲಿ ಐದು ಹಾಕುವವನನ್ನು ತಂದರೆ ನೀವು ಸೋಲುತ್ತೀರಿ, ಅವರು ಉಳಿಯುತ್ತಾರೆ. ಒಂಬತ್ತು ಹಾಕಬಹುದಾದವನನ್ನು ಪಕ್ಕದ ರಾಜ್ಯದವರು ಎತ್ತಿಕೊಂಡು ಹೋಗುತ್ತಾರೆ. ನಿಮ್ಮನ್ನು ಸೋಲಿಸುತ್ತಿರುವುದು ನಿಮ್ಮ ಕತ್ತಿ."

ಎಂಟು ಬಾಯಿಗಳೂ ಅಗಿಯುವುದನ್ನು ನಿಲ್ಲಿಸಿದವು. ಅರಸ ಅವರ ಮುಖಗಳನ್ನು ಒಂದೊಂದಾಗಿ ನೋಡುತ್ತ ಹೋದ. ಕೊನೆಯ ಮುಖಕ್ಕೆ ಬರುವಷ್ಟರಲ್ಲಿ ಅವನಿಗೆ ಉತ್ತರ ಸಿಕ್ಕಿತ್ತು. "ಏನು ಬೇಕು, ಕೇಳು," ಎಂದ. "ಅರ್ಧ ರಾಜ್ಯ?"

"ಅಷ್ಟೆಲ್ಲ ತಿರುಗಾಡಲು ಆಗಲ್ಲ ಬುದ್ಧಿ. ಮೂರು ದಿನ ನಿದ್ದೆ ಕೊಡಿ. ಆಮೇಲೆ ಆರಿಸುವ ಬಯಲಿಗೂ ಈ ಸಭೆಗೂ ಕತ್ತಿ ಬರಕೂಡದು. ಇವತ್ತಿನಿಂದಲೇ."

ಎರಡೂ ಸಿಕ್ಕವು. ನಾಲ್ಕನೆಯ ದಿನ ಬಯಲಲ್ಲಿ ನಿಂತ ಹುಡುಗರಲ್ಲಿ ಕೊನೆಗೆ ಉಳಿದದ್ದು ಇಬ್ಬರು. ಹೊನ್ನ ಎಂಬವನು ಹತ್ತಕ್ಕೆ ಆರು ಹಾಕುತ್ತಿದ್ದ. ಮುಪ್ಪಿನಲ್ಲೂ ಆರೇ ಹಾಕುವಂಥವನು. ನಂಜ ಎಂಬ ಉದ್ದನೆಯವನು ಹಾರಿದರೆ ಹಕ್ಕಿಗಳು ದಾರಿ ಬಿಡುತ್ತಿದ್ದವು. ಆದರೆ ಬಲಮೊಣಕಾಲು ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಚೆನ್ನಿಗ ಇಬ್ಬರ ಕಾಲನ್ನೂ ಒತ್ತಿ ನೋಡಿದ. ಬಹಳ ಹೊತ್ತು ಒತ್ತಿದ. ನಂಜನ ಹೆಗಲ ಮೇಲೆ ಕೈಯಿಟ್ಟ.

ಆ ವರ್ಷ ಹರಳಾಪುರ ನಾಲ್ಕನೆಯದಾಗಿ ಬಂತು. ಐದರಲ್ಲಿ ನಾಲ್ಕು! ಊರವರು ದಿಗ್ವಿಜಯ ಮಾಡಿದವರಂತೆ ಹೋಳಿಗೆ ತಿಂದರು.

ಊಟವಾದ ಮೇಲೆ ಅರಸ ಬಂದು ನೋಡಿದ. ಚೆನ್ನಿಗ ಅರೆಗಣ್ಣಲ್ಲಿ ನಂಜನ ಮೊಣಕಾಲು ತಿಕ್ಕುತ್ತಿದ್ದ.

"ಮುಂದಿನ ವರ್ಷದವರೆಗೆ ತಡೆಯುತ್ತದೇನೋ?"

"ಗೊತ್ತಿಲ್ಲ, ಬುದ್ಧಿ."

ದೇಚಯ್ಯ ಹಳೆಯ ಅಭ್ಯಾಸದಿಂದ ಕಣ್ಣು ಮುಚ್ಚಿಕೊಂಡ. ಅರಸ "ಹ್ಞೂಂ," ಎಂದ. ಆಮೇಲೆ ತಾನೂ ಅಲ್ಲೇ ನೆಲದ ಮೇಲೆ ಕೂತು ಕಾಲು ಚಾಚಿದ.