ನೀರು ಕಾಣದ ಬಟ್ಟೆ

ನಾಳೆ ಮೊಮ್ಮಗನಿಗೆ ಹೆಸರಿಡುವ ದಿನ. ಅವನಿಗೆ ಅಂಗಿ ಹೊಲಿಯಲು ಫಕೀರವ್ವ ಹೊಸ ಹೊಲಿಗೆ ಕಿಟ್ ಬಿಚ್ಚಿದಳು. ಒಳಗಿದ್ದ ಕತ್ತರಿ ಕುಣಿದೆದ್ದಿತು: "ಬನ್ನಿ, ಬನ್ನಿ! ಈಗಲೇ ಶುರು ಮಾಡೋಣ!"

"ಸ್ವಲ್ಪ ತಾಳು," ಎಂದಿತು ಕಿಟ್‌ನಲ್ಲೇ ಮಡಚಿಟ್ಟಿದ್ದ ಹತ್ತಿ ಬಟ್ಟೆ. "ಮೊದಲು ನನ್ನನ್ನು ನೆನೆಸಿ ಒಣಗಿಸಲಿ. ಇಲ್ಲದಿದ್ದರೆ ಹೊಲಿದ ಮೇಲೆ ಕುಗ್ಗಿಬಿಡುತ್ತೇನೆ."

"ಅಳತೆಯ ಹಾಳೆ ಇದೆ, ಹರಿತವಾದ ನಾನಿದ್ದೇನೆ. ನೀರು ಯಾಕೆ ಬೇಕು?" ಎಂದು ಕತ್ತರಿ ಕಚಕಚನೆ ಕತ್ತರಿಸಿಯೇ ಬಿಟ್ಟಿತು.

ಸಂಜೆಗೆ ಅಂಗಿ ಸಿದ್ಧವಾಯಿತು. ಹಾಕಿ ನೋಡಿದರೆ ಎಷ್ಟು ಚಂದ! ಅಷ್ಟರಲ್ಲಿ ಕೂಸು ಉಚ್ಚೆ ಹೊಯ್ದಿತು. ಫಕೀರವ್ವ ಅಂಗಿ ಒಗೆದು ಹರವಿದಳು. ಬೆಳಿಗ್ಗೆ ನೋಡಿದರೆ ಕೂಸಿನ ತಲೆಯೇ ಅದರಲ್ಲಿ ತೂರಲಿಲ್ಲ.

ಮೂಲೆಯಲ್ಲಿ ಬರಿಮೈಯಲ್ಲಿ ಕೂತಿದ್ದ ಗೊಂಬೆ ಚಪ್ಪಾಳೆ ತಟ್ಟಿತು: "ಸರಿಯಾಗಿ ನನ್ನದೇ ಅಳತೆ! ಕತ್ತರಿಯಣ್ಣಾ, ಮುಂದಿನ ಅಂಗಿಯನ್ನೂ ನೀನೇ ಕತ್ತರಿಸಬೇಕು!"