ಹೆಸರು ಮುಚ್ಚಿದ ಹೃದಯ

ಎಂಆರ್‌ಐ ವಿಭಾಗದಲ್ಲಿ ಡಾಕ್ಟರ್ ಸುಮಿತ್ರಾ ಬಾಳಿಗಾ ಒಂದು ಕಟ್ಟಳೆ ಮಾಡಿದ್ದರು. ಹೃದಯದ ಚಿತ್ರದ ಮೇಲೆ ಗೆರೆ ಎಳೆಯುವ ಮುನ್ನ, ಪರದೆಯಲ್ಲಿ ರೋಗಿಯ ಹೆಸರಿನ ಮೇಲೆ ಚೀಟಿ ಅಂಟಿಸಬೇಕು.

ಅಂದು ಅವರ ಶಿಷ್ಯ ತಿಪ್ಪೇಶನ ಮುಂದೆ ಹಿಗ್ಗಿ ಸೋತ ಒಂದು ಹೃದಯವಿತ್ತು.

ಅದು ತುಂಬಿದಾಗ ಒಳಗೋಡೆಗೆ ಒಂದು ಗೆರೆ ಎಳೆದ. ಹಿಂಡಿದಾಗ ಇನ್ನೊಂದು. ಒಂದು ಬಡಿತಕ್ಕೆ ನೂರರಲ್ಲಿ ಎಷ್ಟು ಪಾಲು ರಕ್ತ ಹೊರಗೆ ಹೋಗುತ್ತದೆ ಎಂದು ಈ ಎರಡು ಗೆರೆಗಳಿಂದ ತಿಳಿಯುತ್ತದೆ.

ಇಪ್ಪತ್ತೊಂಬತ್ತು ಬಂತು. ಮೂವತ್ತೈದಕ್ಕಿಂತ ಕೆಳಗಿನ ಹೃದಯ ಯಾವಾಗ ಬೇಕಾದರೂ ನಿಂತೀತು.

ಯಾರದಿರಬಹುದು ಎಂದು ಚೀಟಿ ಎತ್ತಿದ. ಸುಮಿತ್ರಾ ಬಾಳಿಗಾ ಎಂದಿತ್ತು.

ಎರಡನೆಯ ಗೆರೆಯನ್ನು ಅಳಿಸಿ ಕೊಂಚ ಒಳಕ್ಕೆ ಎಳೆದ. ನಲವತ್ತೊಂದು ಬಂತು. ಚೀಟಿಯನ್ನು ಮತ್ತೆ ಅಂಟಿಸಿದ.

ಗುರು ಬಂದು ಪಕ್ಕದಲ್ಲಿ ಕುಳಿತರು.

“ಎಷ್ಟು?”

“ನಲವತ್ತೊಂದು, ಮೇಡಂ. ಅಷ್ಟೇನೂ ಕೆಟ್ಟಿಲ್ಲ.”

“ನಿನ್ನ ಗೆರೆಗಳ ಪ್ರಕಾರ ಒಂದು ಬಡಿತಕ್ಕೆ ಎಷ್ಟು ರಕ್ತ ಹೊರಟಿತು?”

“ಎಪ್ಪತ್ತೆಂಟು ಮಿಲಿ.”

“ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ಹರಿವು ಅಳೆದಿದ್ದಾರಲ್ಲ. ಅಲ್ಲಿಗೆ ಎಷ್ಟು ಬಂತು?”

ತಿಪ್ಪೇಶ ನೋಡಿದ. “ಐವತ್ತೈದು.”

“ಕವಾಟ ಸೋರುತ್ತಿದೆಯೋ?”

“ಇಲ್ಲ.”

“ಮತ್ತೆ ಉಳಿದದ್ದನ್ನು ಯಾರು ಕುಡಿದರು?”

ತಿಪ್ಪೇಶನ ಕಣ್ಣು ಚೀಟಿಯತ್ತ ಹೋಯಿತು.

“ಚೀಟಿ ಎತ್ತಿದೆಯಾ?”

“ಎತ್ತಿದೆ, ಮೇಡಂ.”

“ಮೂವತ್ತೈದರ ಒಳಗಿದ್ದರೆ ಎದೆಯೊಳಗೆ ಯಂತ್ರ ಇಡುತ್ತಾರೆ. ಹೃದಯ ನಿಲ್ಲಹೊರಟರೆ ಅದು ಬಡಿದು ಎಬ್ಬಿಸುತ್ತದೆ. ನಲವತ್ತೊಂದಾದರೆ ಮಾತ್ರೆ ಕೊಟ್ಟು ಮನೆಗೆ ಕಳಿಸುತ್ತಾರೆ. ನಿನಗೆ ಗೊತ್ತಿಲ್ಲದ್ದಲ್ಲ.”

“ಗೊತ್ತಿತ್ತು. ನಿಮ್ಮೆದುರು ಇಪ್ಪತ್ತೊಂಬತ್ತು ಅನ್ನಲು ಬಾಯಿ ಬರಲಿಲ್ಲ.”

“ಹೋದ ವಾರ ಆ ಲಾರಿ ಡ್ರೈವರಿಗೆ ಇಪ್ಪತ್ತೆಂಟು ಅಂದೆ. ಆಗ ಬಂತು.”

“ಅವರು ಯಾರೋ, ಮೇಡಂ.”

“ಪುಣ್ಯವಂತ.”

ತಿಪ್ಪೇಶ ಮೌಸ್‌ಗೆ ಕೈ ಚಾಚಿದ. “ಇನ್ನೊಮ್ಮೆ ಎಳೆಯುತ್ತೇನೆ. ಸರಿಯಾಗಿ.”

ಗುರು ಎರಡೂ ಗೆರೆಗಳನ್ನು ಅಳಿಸಿದರು.

“ಬೇಡ. ಈಗ ನಿನಗೆ ಇಪ್ಪತ್ತೊಂಬತ್ತು ಬೇಕಾಗಿದೆ. ಹೊರಗೆ ಹೋಗು. ನನ್ನನ್ನು ಕಂಡರೆ ಆಗದವರು ಯಾರಾದರೂ ಇದ್ದರೆ ಒಳಗೆ ಕಳಿಸು.”