ಬಾಡಿಗೆ ಕಾರಿಗೆ ಇಟ್ಟ ಕುಂಕುಮ

ಹಿಂಗೂ ಮಾಡ್ತಾರೇನ್ರೋ? ಕೇಳಿ ನಾನೇ ಮೂಗಿನ ಮೇಲೆ ಬೆರಳಿಟ್ಟೆ!

ಮದುವೆಮನೆಗೆ ಪಾತ್ರೆ ಬಾಡಿಗೆ ಕೊಡೋ ನಂಜವ್ವ ಮಗಳು-ಅಳಿಯನ ಜೊತೆ ದುಬೈ ನೋಡೋಕೆ ಹೋದಳು. ವಿಮಾನ ಇಳಿದು ಬಾಡಿಗೆ ಕಾರು ಕೇಳಿದರು. ಅಂಗಡಿಯವನು ನಮ್ಮ ಕಡೆಯವನೇ, ಟೈ ಕಟ್ಟಿದ ದೊಡ್ಡಮನುಷ್ಯ. ಕಾಗದ ಚಾಚಿ, "ಕಾರಿಗೆ ಒಂದು ಗೀರೂ ಇಲ್ಲ ಅಂತ ಸಹಿ ಹಾಕಿ. ಇಲ್ಲದಿದ್ರೆ ಕಾರಿಲ್ಲ" ಅಂದ.

ನೋಡಿದರೆ ಕಾರಿನ ಮೈತುಂಬ ಗೀರು! ಸಹಿ ಹಾಕಿದರೆ ಎಲ್ಲ ತನ್ನ ತಲೆಗೇ ಬರುತ್ತೆ ಅಂತ ಅಳಿಯ ಬೆವೆತುಹೋದ.

"ತಡೀರಿ ಅಳಿಯಂದಿರೇ, ಪೂಜೆ ಆಗದ ಗಾಡಿ ಹತ್ತಬಾರದು" ಅಂತ ನಂಜವ್ವ ಕುಂಕುಮದ ಡಬ್ಬಿ ತೆಗೆದಳು. ಗೀರು ಕಂಡಲ್ಲೆಲ್ಲ ಒಂದೊಂದು ಬೊಟ್ಟು. ನೆಗ್ಗಿದ ಬಾಗಿಲಿಗೆ ಅಂಗೈಯಗಲ. ಅಯ್ಯೋ ಶಿವನೇ, ಕಾರಿಗೆ ಸಿಡುಬು ಎದ್ದ ಹಾಗಾಯ್ತು! ಆಮೇಲೆ ಅಂಗಡಿಯವನನ್ನೇ ಪಕ್ಕದಲ್ಲಿ ನಿಲ್ಲಿಸಿ, ಮಗಳ ಕೈಲಿ ಫೋಟೋ ತೆಗೆಸಿದಳು.

"ಏನಮ್ಮಾ ಇದು!" ಅಂತ ಅವನು ಕೂಗಿದ.

"ನಾನೂ ಬಾಡಿಗೆ ಕೊಡೋಳೇ ಕಣಪ್ಪ. ನೆಗ್ಗಿದ ಹಂಡೆ ಆದ್ರೆ ತೋರಿಸಿಯೇ ಕೊಡ್ತೀನಿ. ಈಗ ಆ ಕಾಗದದ ಮೇಲೆ ಬರಿ, ಬೊಟ್ಟಿಟ್ಟ ಜಾಗ ಬಿಟ್ಟು ಮಿಕ್ಕಿದ್ದು ಚೆನ್ನಾಗಿದೆ ಅಂತ. ಅಳಿಯಂದಿರು ಸಹಿ ಹಾಕ್ತಾರೆ."

ಸಾಲಲ್ಲಿ ನಿಂತ ಗಿರಾಕಿಗಳೂ ತಮಗೆ ಕೊಡೋಕೆ ನಿಲ್ಲಿಸಿದ್ದ ಕಾರುಗಳನ್ನ ಬಗ್ಗಿ ನೋಡತೊಡಗಿದರು. ಅವನ ಮುಖ ಬಿಳಿಚಿಕೊಂಡಿತು. "ಹೊಸ ಕಾರೇ ತರಿಸ್ತೀನಿ ತಾಯಿ!"

"ತರಿಸಪ್ಪ," ಅಂದಳು ನಂಜವ್ವ, "ಡಬ್ಬೀಲಿ ಇನ್ನೂ ಕುಂಕುಮ ಇದೆ."